ಮಲ್ಲಪ್ಪನ ಕಬ್ಬು ಮತ್ತು ನನ್ನ ಇಪ್ಪತ್ನಾಲ್ಕು

ಸಂಶಯಪಡುವುದನ್ನು ನಾನು ಫೀಸು ಕಟ್ಟಿ ಕಲಿತವನು. ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ರಸಾಯನಶಾಸ್ತ್ರ ಓದಿ ಊರಿಗೆ ಬಂದಮೇಲೆ ಹಾಲಿನವನ ಹಾಲು, ಪಂಚಾಂಗದ ಮಳೆ, ಜ್ವರ ನೋಡುವ ಥರ್ಮಾಮೀಟರು, ಯಾವುದನ್ನೂ ಒಂದೇ ಸಲಕ್ಕೆ ನಂಬಿದವನಲ್ಲ. ತಾಳವಾಡಿಯ ಶಾಲೆಯಲ್ಲಿ ಮೂವತ್ತು ವರ್ಷ ಮಕ್ಕಳಿಗೂ ಅದನ್ನೇ ಹೇಳಿಕೊಟ್ಟೆ: "ಮೇಷ್ಟರು ಹೇಳಿದರು ಅಂತ ಏನನ್ನೂ ನಂಬಬೇಡಿ." ಮಕ್ಕಳು ಈ ಒಂದು ಮಾತನ್ನು ನಂಬಿ ಉಳಿದ ಪಾಠವನ್ನು ಬಿಟ್ಟುಬಿಟ್ಟರು. ಐವತ್ತು ದಾಟುವವರೆಗೆ ನನ್ನ ಸಂಶಯವೆಲ್ಲ ಹೊರಗಿನವರ ಮೇಲಿತ್ತು. ಆಮೇಲೆ ಅದು ಮೆಲ್ಲಗೆ ಒಳಕ್ಕೆ ತಿರುಗಿತು. ಈಗ ನಾನು ಅತಿ ಹೆಚ್ಚು ಸಂಶಯಪಡುವುದು ನನ್ನ ನೆನಪಿನ ಮೇಲೆ. ಬಾಗಿಲಿಗೆ ಬೀಗ ಹಾಕಿದೆನೇ ಎಂದು ನೋಡಲು ಅರ್ಧ ದಾರಿಯಿಂದ ವಾಪಸ್ ಬರುತ್ತೇನೆ. ಬೀಗ ಹಾಕಿರುತ್ತದೆ. ಬಂದದ್ದಕ್ಕೆ ಒಂದು ಸಲ ತೆಗೆದು ನೋಡುತ್ತೇನೆ. ಮತ್ತೆ ಅರ್ಧ ದಾರಿ ಹೋದಮೇಲೆ, ತೆಗೆದದ್ದನ್ನು ಹಾಕಿದೆನೇ ಎಂಬ ಪ್ರಶ್ನೆ ಹುಟ್ಟುತ್ತದೆ.

ಇದೆಲ್ಲ ಮನೆಯೊಳಗಿನ ಮಾತಾಗಿಯೇ ಉಳಿಯುತ್ತಿತ್ತು, ಚಾಮರಾಜನಗರದ ಬಸ್ಸಿನ ಪ್ರಸಂಗ ನಡೆಯದಿದ್ದರೆ. ನಿವೃತ್ತಿಯಾದಮೇಲೆ ನಾನೊಂದು ಹೈಬ್ರಿಡ್ ಕಾರು ಕೊಂಡೆ. ಒಂದು ದಿನ ಕುಕ್ಕರಿನ ರಬ್ಬರು ತರಲು ಚಾಮರಾಜನಗರಕ್ಕೆ ಹೋದೆ. ಕಾರನ್ನು ಪೇಟೆಯಲ್ಲಿ ನಿಲ್ಲಿಸಿ, ರಬ್ಬರು ಕೊಂಡು, ಮೂವತ್ತು ವರ್ಷದ ಅಭ್ಯಾಸದಂತೆ ಬಸ್‌ಸ್ಟ್ಯಾಂಡಿಗೆ ನಡೆದು, ತಾಳವಾಡಿ ಬಸ್ಸು ಹತ್ತಿದೆ. ಕಿಟಕಿ ಪಕ್ಕದ ಸೀಟು ಸಿಕ್ಕಿತೆಂದು ಬಹಳ ಖುಷಿಯಾಗಿತ್ತು. ಮನೆಗೆ ಬಂದಾಗ ಹೆಂಡತಿ ಗೌರಮ್ಮ ಕೇಳಿದಳು, "ಕಾರೆಲ್ಲಿ?" ನಾನು ಕೇಳಿದೆ, "ಯಾವ ಕಾರು?" ಅಂದಿನಿಂದ ನಮ್ಮ ಮನೆಯಲ್ಲಿ ಯಾವ ಚರ್ಚೆಯಾದರೂ ಈ ಎರಡು ಪದದ ಮೇಲೆ ಮುಗಿಯುತ್ತಿತ್ತು. ಅಡುಗೆಗೆ ಉಪ್ಪು ಜಾಸ್ತಿಯಾಯಿತು ಎಂದರೆ, "ಯಾವ ಕಾರು?"

ಆದರೆ ಈಗ ಹೇಳಹೊರಟಿರುವುದು ಸೋಲಿನ ಕಥೆಯಲ್ಲ, ಗೆಲುವಿನದು. ನನ್ನ ಪಾಲಿಗೆ ಗೆಲುವುಗಳು ಬಹಳ ಇಲ್ಲ. ಇದ್ದರೂ ನೆನಪಿಲ್ಲ. ಆದ್ದರಿಂದ ಇದನ್ನು ಬಿಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ.

ಶುರುವಾದದ್ದು ದೊಡ್ಡಗಾಜನೂರಿನಲ್ಲಿ, ನನ್ನ ಬಾಮೈದ ಮಲ್ಲಪ್ಪನ ಜಗಲಿಯ ಮೇಲೆ. ಮಲ್ಲಪ್ಪ ಕಬ್ಬು ಬೆಳೆಯುವವನು. ಹೊಟ್ಟೆ ತುಂಬ ಉಂಡು ಎಲೆಯಡಿಕೆ ಹಾಕಿಕೊಂಡು ಕುಳಿತಿದ್ದಾಗ ನಾನು ಸುಮ್ಮನಿರಲಾರದೆ ಹೇಳಿದೆ, "ಈ ಕಾರು ಬಂದ ಹೊಸದರಲ್ಲಿ ಲೀಟರಿಗೆ ಇಪ್ಪತ್ನಾಲ್ಕು ಕೊಡ್ತಿತ್ತು. ಈಗ ಇಪ್ಪತ್ತೊಂದಕ್ಕೆ ಬಂದು ನಿಂತಿದೆ. ಎಲ್ಲ ನಿಮ್ಮ ಕಬ್ಬಿನ ಸ್ಪಿರಿಟ್ಟು ಪೆಟ್ರೋಲಿಗೆ ಬೆರೆಸಿದ್ದರ ಫಲ." ಗುಮಟಾಪುರದ ಹಬ್ಬದಲ್ಲಿ ಒಬ್ಬರ ಮೇಲೊಬ್ಬರು ಸಗಣಿ ಎರಚಿಕೊಂಡವರು ಆಮೇಲೆ ಒಟ್ಟಿಗೆ ಕೂತು ಉಣ್ಣುತ್ತಾರೆ, ಯಾರಿಗೂ ಮನಸ್ಸಿನಲ್ಲಿ ಏನೂ ಇರುವುದಿಲ್ಲ. ಆದರೆ ರೈತನ ಬೆಳೆಯ ಮೇಲೆ ಒಂದು ಮಾತು ಎರಚಿದರೆ ಅದು ತೊಳೆದರೂ ಹೋಗದು. ಮಲ್ಲಪ್ಪ ಬಾಯಲ್ಲಿದ್ದುದನ್ನು ಉಗಿದು ಬಂದು ಎದುರಿಗೆ ಕುಳಿತ.

"ಬಾವ, ತಪ್ಪು ತಿಳ್ಕಬ್ಯಾಡಿ. ನಮ್ ಕಬ್ಬು ಕುಡ್ದು ಕೆಟ್ಟಿರಾದು ನಿಮ್ ಕಾರಲ್ಲ ಕಣಿ. ಕೆಟ್ಟಿರಾದು ನಿಮ್ ಗ್ಯಾಪ್ಕ. ಇಪ್ಪತ್ನಾಕು ಯಾವತ್ತು ಕೊಡ್ತು ಏಳಿ? ಕಾರ್ ಮಾರಿದೋನು ಏಳಿರ್ತಾನೆ ಇಪ್ಪತ್ನಾಕು ಅಂತ. ಅದ್ನೇ ನೀವು ನೋಡ್ದೆ ಅನ್ಕಂಡಿದ್ದೀರಿ."

"ಸರ್ಯಾಗ್ ಏಳ್ದೆ ಕಣ್ಲಾ ಮಲ್ಲ," ಎಂದಳು ನನ್ನ ಧರ್ಮಪತ್ನಿ.

ಬಾಣ ನೆಟ್ಟದ್ದು ಸರಿಯಾದ ಜಾಗಕ್ಕೆ. ಇಪ್ಪತ್ನಾಲ್ಕನ್ನು ನಾನು ಕಾರಿನ ಪರದೆಯ ಮೇಲೆ ಕಣ್ಣಾರೆ ಕಂಡಿದ್ದೆ. ಕಂಡಿದ್ದೆನೇ? ಎಲ್ಲಿಯೂ ಬರೆದಿಟ್ಟಿರಲಿಲ್ಲ. "ಪರೀಕ್ಷೆ ಮಾಡಿಯೇ ಬಿಡೋಣ" ಎಂದು ನಾನು ಎದ್ದು ನಿಂತೆ. ಗೌರಮ್ಮ ಅಲ್ಲೇ ಕರಾರು ಹಾಕಿದಳು. ಅವಳು ಆರು ತಿಂಗಳ ಹಿಂದೆ ಡ್ರೈವಿಂಗ್ ಕಲಿತು ಲೈಸೆನ್ಸು ಮಾಡಿಸಿಕೊಂಡಿದ್ದಳು. ಅದು ಬೀರುವಿನಲ್ಲಿ ರೇಷ್ಮೆ ಸೀರೆಯ ಮಡಿಕೆಯೊಳಗೆ ಕಾಯುತ್ತ ಕುಳಿತಿತ್ತು. "ನೋಡಿ, ನಿಮ್ ಇಪ್ಪತ್ನಾಕು ನಿಜ ಅಂತಾದ್ರೆ ಬಸ್ಸಿನ ಮಾತ ನಾನು ಈ ಜಲ್ಮದಲ್ಲಿ ಎತ್ತಲ್ಲ. ಸುಳ್ಳು ಅಂತಾದ್ರೆ ಕಾರಿನ ಕೀ ನನ್ ಸೆರಗಲ್ಲಿರ್ತದೆ. ನೀವು ಎಡಗಡೆ ಸೀಟಲ್ಲಿ ಕೂತ್ಕಂಡು ಬೆಟ್ಟ ನೋಡ್ಕಂಡ್ ಬನ್ನಿ." ಒಪ್ಪಿದೆ. ನಾನು ಪಣಕ್ಕಿಟ್ಟದ್ದು ಬರೀ ಕೀ ಅಲ್ಲ, ನನ್ನ ತಲೆಯೊಳಗಿನ ಅರವತ್ತು ವರ್ಷದ ದಾಸ್ತಾನನ್ನು ಎಂದು ರಾತ್ರಿ ಮಲಗಿದಮೇಲೆ ಹೊಳೆಯಿತು. ಈ ಒಂದು ಸಂಖ್ಯೆ ಸುಳ್ಳಾದರೆ ಉಳಿದದ್ದರ ಗತಿಯೇನು?

ಪರೀಕ್ಷೆಯ ವಿಧಾನವನ್ನು ನೋಟ್‌ಬುಕ್ಕಿನಲ್ಲಿ ಬರೆದೆ. ತಾಳವಾಡಿಯಿಂದ ಹೊರಟು, ದಿಂಬಂ ತಲುಪಿ, ಘಾಟಿಯ ಇಪ್ಪತ್ತೇಳು ತಿರುವುಗಳನ್ನು ಇಳಿದು, ಅದೇ ದಾರಿಯಲ್ಲಿ ಹತ್ತಿ ಮನೆಗೆ ಬರಬೇಕು. ಹೈಬ್ರಿಡ್ ಕಾರು ಇಳಿಜಾರಿನಲ್ಲಿ ತನ್ನ ಬ್ಯಾಟರಿಯನ್ನು ತಾನೇ ತುಂಬಿಕೊಂಡು ಏರಿನಲ್ಲಿ ಅದನ್ನು ಖರ್ಚು ಮಾಡುತ್ತದೆ. ಆದ್ದರಿಂದ ಇಳಿದಷ್ಟೂ ಹತ್ತಿದರೇ ಲೆಕ್ಕ ಸರಿ. ಒಂದು ಸಲ ಕಬ್ಬಿನ ಸ್ಪಿರಿಟ್ಟು, ಅಂದರೆ ಎಥನಾಲ್ ಬೆರೆತ ಮಾಮೂಲಿ ಪೆಟ್ರೋಲಿನಲ್ಲಿ, ಇನ್ನೊಂದು ಸಲ ಬೆರೆಸದ ದುಬಾರಿ ಪೆಟ್ರೋಲಿನಲ್ಲಿ. ಮೈಲೇಜನ್ನು ಕಾರಿನ ಪರದೆಯೇ ತೋರಿಸುತ್ತದೆ. ಪರದೆ ಸುಳ್ಳು ಹೇಳಿದರೂ ಎರಡು ಸಲವೂ ಒಂದೇ ಸುಳ್ಳು ಹೇಳೀತು. ದಾರಿಯಲ್ಲಿ ಎಲ್ಲಿಯೂ ನಿಲ್ಲುವಂತಿಲ್ಲ, ದಿಂಬದ ಟೀ ಅಂಗಡಿಯಲ್ಲೂ ಕೂಡ. ಸಾಕ್ಷಿಯಾಗಿ ಮಲ್ಲಪ್ಪ.

ಮಲ್ಲಪ್ಪನಿಗೆ ಹೈಬ್ರಿಡ್ ಕಾರಿನಲ್ಲಿ ಘಾಟಿ ಇಳಿಯುವುದು ಅದೇ ಮೊದಲು. ಮೊದಲ ತಿರುವಿನಲ್ಲಿ ಎಂಜಿನ್ ತಾನಾಗಿ ನಿಂತು ಸದ್ದಡಗಿದ್ದೇ ತಡ, ಅವನು ಮೇಲಿನ ಹಿಡಿ ಹಿಡಿದುಕೊಂಡು ಕೂಗಿದ, "ಬಾವ, ಕಾರು ಸತ್ತೋಯ್ತು!" ಸತ್ತಿಲ್ಲ, ಬ್ಯಾಟರಿ ತುಂಬಿಕೊಳ್ಳುತ್ತಿದೆ ಎಂದೆ. ಹತ್ತನೆಯ ತಿರುವಿನವರೆಗೂ ಅವನು ಪ್ರತಿ ಸಲ ಬೆಟ್ಟದ ದೇವರು ಮಾದಪ್ಪನನ್ನು ಕರೆದ. ವಾಪಸ್ ಬರುವಾಗ ಆಸನೂರಿನ ಈಚೆ ಕಬ್ಬಿನ ಲಾರಿಯೊಂದನ್ನು ತಡೆದು ಆನೆ ತನ್ನ ಪಾಲು ಕಿತ್ತುಕೊಳ್ಳುತ್ತಿತ್ತು. ನಿಲ್ಲಬಾರದೆಂಬ ನನ್ನ ನಿಯಮವನ್ನು ಆನೆಗೆ ವಿವರಿಸುವುದು ಯಾರು? ಹನ್ನೊಂದು ನಿಮಿಷ ಕಾದೆವು. ಮಲ್ಲಪ್ಪ ಮೆಲ್ಲಗೆ ಹೇಳಿದ, "ನೋಡಿ ಬಾವ, ಅದೂ ನಮ್ ಕಬ್ಬೇ ತಿನ್ನಾದು. ಅದ್ಕೇನಾರ ಮೈಲೇಜು ಕಮ್ಮಿಯಾಗದಾ?" ಮನೆ ತಲುಪಿದಾಗ ಪರದೆ ತೋರಿಸಿದ್ದು ಇಪ್ಪತ್ತೊಂದು.

ಎರಡನೆಯ ಸುತ್ತಿಗೆ ಟ್ಯಾಂಕಿನ ಕೆಂಪು ದೀಪ ಹತ್ತಿಕೊಳ್ಳುವವರೆಗೆ ಓಡಿಸಿ, ಮೈಸೂರಿನಲ್ಲಿ ಬೆರಕೆಯಿಲ್ಲದ ಪೆಟ್ರೋಲು ತುಂಬಿಸಿಕೊಂಡು ಬಂದೆ. ಬೆರಕೆಯಿಲ್ಲ ಎಂದು ಬಂಕಿನವನು ಹೇಳಿದ ಮಾತ್ರಕ್ಕೆ ನಾನು ನಂಬುತ್ತೇನೆಯೇ? ಎರಡು ತರದ ಪೆಟ್ರೋಲನ್ನೂ ಸ್ವಲ್ಪ ಸ್ವಲ್ಪ ತಂದಿದ್ದೆ. ಅಂಗಳದಲ್ಲಿ ಎರಡು ಗಾಜಿನ ಅಳತೆ ಕೊಳವೆಗೆ ಒಂದೇ ಅಳತೆಯ ನೀರು ಹಾಕಿ, ಮೇಲೆ ಒಂದೊಂದು ಪೆಟ್ರೋಲು ಸುರಿದು, ಕುಲುಕಿ ಇಟ್ಟೆ. ಎಥನಾಲು ಪೆಟ್ರೋಲನ್ನು ಬಿಟ್ಟು ನೀರಿಗೆ ಸೇರುತ್ತದೆ, ಆಗ ಕೆಳಗಿನ ನೀರಿನ ಮಟ್ಟ ಏರುತ್ತದೆ. ಮಾಮೂಲಿ ಪೆಟ್ರೋಲಿನ ಕೊಳವೆಯಲ್ಲಿ ನೀರು ಏರಿತು, ಮೈಸೂರಿನದರಲ್ಲಿ ಇದ್ದಲ್ಲೇ ಇತ್ತು. ನಾನು ಅಣುಗಳ ಆಕರ್ಷಣೆಯ ಬಗ್ಗೆ ಪಾಠ ಶುರುಮಾಡುವಷ್ಟರಲ್ಲಿ ಮಲ್ಲಪ್ಪ ಒಂದೇ ಮಾತಿನಲ್ಲಿ ಮುಗಿಸಿದ, "ಅದ್ರಲ್ಲೇನಾಶ್ಚರ್ಯ ಬಾವ, ಕಬ್ಬಿಗೆ ನೀರು ಅಂದ್ರೆ ಪಿರಾಣ." ಮೂವತ್ತು ವರ್ಷದಲ್ಲಿ ನನಗೆ ಇಷ್ಟು ಚೆನ್ನಾಗಿ ಹೇಳಿಕೊಡಲು ಬಂದಿರಲಿಲ್ಲ.

ಶುದ್ಧ ಪೆಟ್ರೋಲಿನಲ್ಲಿ ಮತ್ತೆ ಅದೇ ದಾರಿ, ಅದೇ ಘಾಟಿ, ಅದೇ ಮಲ್ಲಪ್ಪ. ಪರದೆ ಈಗ ಇಪ್ಪತ್ನಾಲ್ಕು ತೋರಿಸಬೇಕಿತ್ತು. ತೋರಿಸಿದ್ದು ಇಪ್ಪತ್ತೊಂದು ಪಾಯಿಂಟ್ ಏಳು. ಅಂದರೆ ಕಬ್ಬು ಕದ್ದದ್ದು ಮುಕ್ಕಾಲು ಕಿಲೋಮೀಟರಿಗೂ ಕಡಿಮೆ. ಉಳಿದ ಎರಡೂ ಚಿಲ್ಲರೆ ಕಿಲೋಮೀಟರು ಎಲ್ಲಿ ಹೋಯಿತು? ಅದಕ್ಕೆ ಒಂದೇ ಉತ್ತರವಿದ್ದಂತೆ ಕಂಡಿತು: ಅದು ಎಂದೂ ಇರಲೇ ಇಲ್ಲ. ಮಲ್ಲಪ್ಪ ಕಾರಿನಿಂದ ಇಳಿದು ಮೀಸೆ ತಿರುವಿ, "ಅಕ್ಕಾ, ಕಬ್ಬು ಗೆದ್ದುಬುಡ್ತು! ಬಾವನ್ ತಾವ ಕೀ ಈಸ್ಕೊ" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದ. ಗೌರಮ್ಮ ಮಾತ್ರ ನಗಲಿಲ್ಲ. ನನ್ನ ಮುಖ ನೋಡಿ, "ಓಗ್ಲಿ ಬುಡಿ, ವಯಸ್ಸಾಯ್ತಲ್ಲ" ಎಂದಳು. ಅವಳು "ಯಾವ ಕಾರು?" ಎಂದಿದ್ದರೆ ತಡೆದುಕೊಳ್ಳುತ್ತಿದ್ದೆ. ಈ ಕನಿಕರವನ್ನು ತಡೆದುಕೊಳ್ಳಲಾಗಲಿಲ್ಲ.

ಮರುದಿನ ಕೀ ಹಸ್ತಾಂತರ. ಅದನ್ನಾದರೂ ಅಚ್ಚುಕಟ್ಟಾಗಿ ಮಾಡೋಣವೆಂದು, ಟೈರು ಪಂಕ್ಚರಾದರೆ ಏನು ಮಾಡಬೇಕೆಂದು ಗೌರಮ್ಮನಿಗೆ ತೋರಿಸಲು, ಅವಳು ಹೊರಗೆ ಬರುವ ಮೊದಲೇ ಡಿಕ್ಕಿ ತೆಗೆದೆ. ನಮ್ಮ ಕಾರಿನಲ್ಲಿ ಸ್ಟೆಪ್ನಿ ಇಲ್ಲ. ಅದಿರಬೇಕಾದ ತಗ್ಗಿನಲ್ಲಿ ಗಾಳಿ ತುಂಬುವ ಪುಟ್ಟ ಪಂಪು ಮಾತ್ರ ಇದೆ, ಮೇಲೊಂದು ಹಲಗೆ. ಹಲಗೆಯನ್ನು ಪೂರ್ತಿ ಎತ್ತಿದೆ. ಪಂಪು ಕಾಣಲಿಲ್ಲ. ಕಂಡದ್ದು ಕಲ್ಲು. ಒಂದಲ್ಲ, ಎರಡಲ್ಲ, ತಗ್ಗಿನ ತುಂಬ ತೆಂಗಿನಕಾಯಿ ಗಾತ್ರದ ಕಲ್ಲುಗಳು, ಪ್ರತಿಯೊಂದನ್ನೂ ನ್ಯೂಸ್‌ಪೇಪರಿನಲ್ಲಿ ನೀಟಾಗಿ ಸುತ್ತಿಟ್ಟಿತ್ತು.

ಇದು ಯಾರ ಕೆಲಸವೆಂದು ಕೇಳುವ ಅಗತ್ಯವಿರಲಿಲ್ಲ. ಘಾಟಿಯಲ್ಲಿ ಲಾರಿಯವರು ಗಾಡಿ ನಿಲ್ಲಿಸುವಾಗ ಚಕ್ರಕ್ಕೆ ಕಲ್ಲು ಕೊಟ್ಟು, ಹೊರಡುವಾಗ ಅದನ್ನು ರಸ್ತೆಯಲ್ಲೇ ಬಿಟ್ಟು ಹೋಗುತ್ತಾರೆ. ಇದರ ಬಗ್ಗೆ ನಾನು ದಿಂಬದ ಟೀ ಅಂಗಡಿಯಲ್ಲಿ ಮಾಡಿದ ಭಾಷಣಗಳು ಒಂದೆರಡಲ್ಲ. ನನ್ನ ಕಾರಿಗೋ, ಗುಂಡಿ ಒತ್ತಿದರೆ ಹಾಕಿಕೊಳ್ಳುವ ಹ್ಯಾಂಡ್‌ಬ್ರೇಕು. ಗುಂಡಿಯನ್ನು ನಂಬುವವನು ನಾನಲ್ಲ. ಆದ್ದರಿಂದ ಟೀಗೆ ನಿಲ್ಲಿಸಿದಾಗಲೆಲ್ಲ ರಸ್ತೆ ಬದಿಯಿಂದ ಒಂದು ಕಲ್ಲು ತಂದು ಚಕ್ರಕ್ಕೆ ಕೊಡುತ್ತಿದ್ದೆ. ಹೊರಡುವಾಗ, ಓದಿದವನಲ್ಲವೇ, ರಸ್ತೆಯಲ್ಲಿ ಬಿಡದೆ, ಗಡಗಡ ಸದ್ದು ಮಾಡದಿರಲೆಂದು ಪೇಪರು ಸುತ್ತಿ, ಹಲಗೆಯ ಒಂದು ಮೂಲೆ ಎತ್ತಿ ಒಳಕ್ಕೆ ಜಾರಿಸುತ್ತಿದ್ದೆ, ಮುಂದಿನ ಸಲಕ್ಕೆ ಇರಲಿ ಎಂದು. ಮುಂದಿನ ಸಲ ಒಳಗೆ ಕಲ್ಲಿದೆಯೆಂಬುದು ಮರೆತು ಇನ್ನೊಂದು ಕಲ್ಲು ಹುಡುಕುತ್ತಿದ್ದೆ.

"ಏನ್ ಬಾವ ಇದು, ಮನೆ ಕಟ್ಟುಸ್ತಿದ್ದೀರಾ?" ಎಂದ ಬೆನ್ನ ಹಿಂದೆ ಬಂದು ನಿಂತ ಮಲ್ಲಪ್ಪ. ಅವನ ಹಿಂದೆಯೇ ಹೊರಗೆ ಬಂದ ಗೌರಮ್ಮ ಮೂಗಿನ ಮೇಲೆ ಬೆರಳಿಟ್ಟಳು. "ಅಯ್ಯೋ ಶಿವನೆ! ಟೀ ಅಂಗ್ಡೀಲಿ ಅಳೇ ಪೇಪರ್ ಕೇಳ್ತಿದ್ರಲ್ಲ, ಓದಕ್ಕೆ ಅಂದ್ಕಂಡಿದ್ದೆ ನಾನು!"

ಅವರು ನಗುತ್ತಿದ್ದಾಗ ನಾನು ಪೇಪರುಗಳನ್ನು ಬಿಡಿಸುತ್ತಿದ್ದೆ. ಒಂದೊಂದರಲ್ಲೂ ತಾರೀಖು! ನನ್ನ ಮರೆವು ತನ್ನ ದಿನಚರಿಯನ್ನು ತಾನೇ ಬರೆದಿಟ್ಟಿತ್ತು. ಮೊದಲ ಕಲ್ಲು ಕಾರು ಬಂದ ಎರಡನೆಯ ತಿಂಗಳಿನದು, ಕೊನೆಯದು ಮೊನ್ನೆ ಮೊನ್ನೆಯದು. ಮಲ್ಲಪ್ಪ ಎಣಿಸಿದ, ಹದಿನೈದು. ಅವನ ಮನೆಯ ಆಲೂಗಡ್ಡೆ ತೂಗುವ ತಕ್ಕಡಿಗೆ ಹಾಕಿದರೆ ಅವನಿಗಿಂತ ಮೂರೇ ಕೆಜಿ ಕಡಿಮೆ ತೂಗಿದವು. ಅಂದರೆ ಇಷ್ಟು ದಿನ ನಾನು ಘಾಟಿ ಹತ್ತಿದ್ದು ಡಿಕ್ಕಿಯಲ್ಲಿ ಇನ್ನೊಬ್ಬ ಬಾಮೈದನನ್ನು ಕೂರಿಸಿಕೊಂಡು. ಯಾವ ಕಾರು ತಾನೇ ಮೈಲೇಜು ಕೊಟ್ಟೀತು?

"ಕೀ ಈಗಲೇ ಇಲ್ಲ. ಮೂರನೆಯ ಸುತ್ತು" ಎಂದು ಘೋಷಿಸಿದೆ. ಮಾಮೂಲಿ ಬೆರಕೆ ಪೆಟ್ರೋಲು, ಕಲ್ಲಿಲ್ಲದ ಕಾರು, ಮಲ್ಲಪ್ಪ. ಮನೆ ಮುಂದೆ ನಿಂತಾಗ ಮೂವರೂ ಪರದೆಯ ಮೇಲೆ ಬಗ್ಗಿದೆವು. ಇಪ್ಪತ್ಮೂರು ಪಾಯಿಂಟ್ ನಾಲ್ಕು. ಅದಕ್ಕೆ ಕಬ್ಬಿನ ಪಾಲಿನ ಪಾಯಿಂಟ್ ಏಳು ಸೇರಿಸಿ. ಇಪ್ಪತ್ನಾಲ್ಕು, ಮೇಲೆ ಒಂದು ಕೊಸರು! ನಾನು ಬೀದಿಯಲ್ಲಿ ನಿಂತು ಕೈ ಎತ್ತಿ ಕೂಗಿದೆನೆಂದು ಹೇಳುತ್ತಾರೆ. ಕೂಗಿರಬಹುದು. ಎಪ್ಪತ್ತು ಕೆಜಿ ಕಲ್ಲಿಗೆ ಇಷ್ಟೊಂದು ವ್ಯತ್ಯಾಸ ಬಂದೀತೇ, ಅಂದು ಗಾಳಿ ಹಿಂದಿನಿಂದ ಬೀಸುತ್ತಿತ್ತೇ ಎಂಬ ಸಂಶಯ ಒಂದು ಕ್ಷಣ ತಲೆಯೆತ್ತಿತು. ಜೀವನದಲ್ಲಿ ಮೊದಲ ಸಲ ಸಂಶಯಕ್ಕೆ ಅರ್ಧ ದಿನ ರಜೆ ಕೊಟ್ಟೆ. ಮಲ್ಲಪ್ಪನೂ ಸೋಲಲಿಲ್ಲ, ಅವನ ಕಬ್ಬು ಹೆಚ್ಚುಕಡಿಮೆ ನಿರಪರಾಧಿ ಎಂದಾಯಿತು. ಅವನೇ ನನ್ನ ಬೆನ್ನು ತಟ್ಟಿ, "ಬಾವ, ನಿಮ್ ಗ್ಯಾಪ್ಕ ಬಾಳಾ ಗಟ್ಟಿ ಕಣಿ. ಕಲ್ಲಿದ್ದಂಗದೆ" ಎಂದ.

ಗೌರಮ್ಮ ನ್ಯಾಯಾಧೀಶರಂತೆ ತೀರ್ಪು ಕೊಟ್ಟಳು. "ಇಪ್ಪತ್ನಾಕು ಗ್ಯಾಪ್ಕ ಇಟ್ಕಂಡಿದ್ದು ನಿಜ. ಅದಿನೈದು ಕಲ್ಲು ಮರ್ತದ್ದೂ ನಿಜ. ಕೀ ನಿಮ್ದು. ಡಿಕ್ಕಿ ನಂದು." ಈಗ ಪ್ರತಿ ಶನಿವಾರ ಅವಳು ಡಿಕ್ಕಿ ತಪಾಸಣೆ ಮಾಡುತ್ತಾಳೆ. ಬಸ್ಸಿನ ಮಾತನ್ನು ಮಾತ್ರ ಎತ್ತಿಲ್ಲ. ಹೇಳಿದ ಮಾತಿಗೆ ತಪ್ಪುವವಳಲ್ಲ.

ಇಷ್ಟನ್ನು ಬರೆದು ಅವಳಿಗೆ ಓದಿ ಹೇಳಿದೆ. ಎಲ್ಲ ಸರಿಯಾಗಿದೆ ಎಂದು ಒಪ್ಪಿ ಒಳಗೆ ಹೋದಳು. ಮುಂದಿನ ನಾಲ್ಕು ಸಾಲು ಆಮೇಲೆ ಸೇರಿಸಿದ್ದು. ಕಲ್ಲುಗಳು ಹದಿನೈದಲ್ಲ, ಹದಿನೇಳು. ಹಲಗೆ ಎತ್ತಿದ ಕೂಡಲೇ ಮೇಲಿದ್ದ ಎರಡನ್ನು ಬಿಡಿಸಿ ನೋಡಿದ್ದೆ. ಎರಡಕ್ಕೂ ಸುತ್ತಿದ್ದದ್ದು ಒಂದೇ ದಿನದ, ಒಂದೇ ಹಾಳೆಯ ಎರಡು ತುಂಡು. ಹೋಗುವಾಗ ಒಂದು, ಬರುವಾಗ ಒಂದು. ತಿಂಗಳ ಹಿಂದಿನದನ್ನು ಮರೆತರೆ ವಯಸ್ಸು ಎನ್ನಬಹುದು. ಬೆಳಿಗ್ಗೆ ಇಟ್ಟದ್ದನ್ನು ಸಾಯಂಕಾಲ ಮರೆತದ್ದು ಗೊತ್ತಾದರೆ ಕೀ ಉಳಿಯುತ್ತಿತ್ತೇ? ಮಲ್ಲಪ್ಪನ ಹೆಜ್ಜೆ ಸದ್ದು ಕೇಳಿಸಿತು. ಎರಡನ್ನೂ ಬೇಲಿಯಾಚೆ ಎಸೆದು, ಪೇಪರನ್ನು ಜೇಬಿಗೆ ತುರುಕಿ, ಆಗಷ್ಟೇ ಹಲಗೆ ಎತ್ತಿದವನಂತೆ ಬಾಯಿ ಬಿಟ್ಟುಕೊಂಡು ನಿಂತೆ. ಇದೊಂದು ವಿಷಯದಲ್ಲಿ ನನ್ನ ನೆನಪಿನ ಮೇಲೆ ನನಗೆ ಎಳ್ಳಷ್ಟೂ ಸಂಶಯವಿಲ್ಲ.