ಗೆಂಚೊನ ನೆಟ್, ದೋನ್ಕಾಳ ಹೆಪ್ಪು

"ಅಲ್ಲಮ್ಮಾ, ಇನ್ನೊಂದ್ಸಲ 'ರೌಟರ್ ಆಫ್ ಮಾಡಿ ಆನ್ ಮಾಡಿ' ಅಂದ್ರೆ ನಾನು ಸುಮ್ಮನಿರೋದಿಲ್ಲ. ಗೋಡೆ ಪ್ಲಗ್ಗು ಕಿತ್ತೆ, ಮತ್ತೆ ಚುಚ್ಚಿದೆ, ಎಲ್ಲಾ ಆಯ್ತು. ಗಾಬ್ರೊವೊದ ವುಲ್ಚೊ ಜೊತೆ ಕಂಪ್ಯೂಟರಲ್ಲಿ ಚೆಸ್ ಆಡ್ತಿದೀನಿ, ತಿಳೀತಾ? ಕುದುರೆ ಎತ್ತೋ ಹೊತ್ತಿಗೆ ಪರದೆ ಕಲ್ಲಾಗ್ತದೆ. ಒಂದಾಟ ಗೆದ್ದೆ, ಒಂದು ಸೋತೆ, ಇವತ್ತಿಂದು ಕೊನೇದು. ಸೋತವನು ಈ ವರ್ಷದ ರಾಕಿಯಾ ಪೂರ್ತಿ ಗೆದ್ದವನ ಮನೆಗೆ ಹೊತ್ತು ಹಾಕ್ಬೇಕು. ನನ್ನ ತೋಟದ ಪ್ಲಮ್ಮು, ನಾನೇ ಬಟ್ಟಿ ಇಳಿಸಿದ್ದು! ಅದು ವುಲ್ಚೊನ ಗಂಟಲಲ್ಲಿ ಇಳೀಬೇಕಾ? ಹಲೋ? ಹಲೋ?"

ಆ ಕಡೆಯ ನೆಟ್ ಕಂಪನಿ ಹುಡುಗಿ ಫೋನ್ ಇಟ್ಟುಬಿಟ್ಟಿದ್ದಳು. ಗೆಂಚೊ ಸೀದಾ ಗೋಡೆ ಬೀರುವಿನ ಕಡೆ ಹೊರಟ. ರೌಟರು ಇದ್ದದ್ದು ಅದರೊಳಗೆ. ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಹೆಂಡತಿ ದೋನ್ಕಾ ಕೈ ಅಡ್ಡ ಮಾಡಿ ಓಡಿಬಂದಳು.

ದೋನ್ಕಾ: ಅದನ್ನ ತೆಗೀಬೇಡ!

ಗೆಂಚೊ: ಯಾಕೆ?

ದೋನ್ಕಾ: ಗಾಳಿ ಹೊಡೀತದೆ.

ಗೆಂಚೊ: ಯಾರಿಗೆ, ರೌಟರಿಗಾ? ನೆಗಡಿಯಾಗ್ತದಾ ಅದಕ್ಕೆ?

ದೋನ್ಕಾ: ತೆಗೆಯೋದೇ ಆದ್ರೆ ಮೆಲ್ಲಗೆ ತೆಗಿ, ಮುದುಕಾ.

ಬಾಗಿಲು ತೆರೆದರೆ ಒಳಗೆ ದಪ್ಪ ಉಣ್ಣೆ ಕಂಬಳಿ. ಕಂಬಳಿಯ ಕೆಳಗೆ ಮೂರು ಗಾಜಿನ ಜಾಡಿ. ಜಾಡಿಗಳ ಕೆಳಗೆ, ಪಿಳಿಪಿಳಿ ಕಣ್ಣು ಬಿಡುತ್ತಾ, ರೌಟರು.

ಗೆಂಚೊ: ಏನೇ ಇದು?

ದೋನ್ಕಾ: ಮೊಸರು. ಇನ್ನೂ ಹೆಪ್ಪಾಗಿಲ್ಲ, ಅಲ್ಲಾಡಿಸ್ಬೇಡ.

ಗೆಂಚೊ: ರೌಟರ್ ಮೇಲೆ ಮೊಸರಾ!

ದೋನ್ಕಾ: ಮತ್ತೆಲ್ಲಿಡ್ಲಿ? ಒಲೆ ಹಚ್ಚಬೇಡ, ಸೌದೆ ಚಳಿಗಾಲಕ್ಕಿರಲಿ ಅಂದವನು ನೀನೇ. ಈ ಮನೇಲಿ ಬೆಚ್ಚಗಿರೋದು ಇದೊಂದೇ. ನೀನೂ ಅಲ್ಲ.

ಗೆಂಚೊ: ಮುಟ್ಟಿ ನೋಡು, ಜ್ವರ ಬಂದವರ ಹಣೆ ಹಾಗೆ ಸುಡ್ತಿದೆ. ಅದಕ್ಕೇ ತೆವಳ್ತಿದೆ ಪಾಪ! ಯಾವಾಗಿಂದ ನಡೀತಿದೆ ಈ ಕೆಲಸ?

ದೋನ್ಕಾ: 'ಈಚೆಗೆ ಮೊಸರು ಚಾಕುವಿನಲ್ಲಿ ಕುಯ್ಯೋ ಹಂಗೆ ಬರ್ತಿದೆ' ಅಂತ ಹೊಗಳ್ತಿದ್ಯಲ್ಲ, ಆವಾಗಿಂದ.

ಗೆಂಚೊ: ಹೊಗಳಿದ್ದೆಲ್ಲಾ ವಾಪಸ್ ತಗೊಂಡೆ!

ದೋನ್ಕಾ: ತಿಂದದ್ದನ್ನೂ ವಾಪಸ್ ಕೊಡ್ತೀಯಾ? ಮೆಲ್ಲಗೆ ಎತ್ತು ಮಾರಾಯ, ಕೂಸು ಎತ್ತಿದ ಹಾಗೆ.

ಜಾಡಿಗಳು ಮೇಜಿಗೆ ಬಂದವು, ರೌಟರು ಕಿಟಕಿಕಟ್ಟೆಗೆ. ಗಾಳಿಯಾಡಿ ಮೈ ತಣ್ಣಗಾದ ಮೇಲೆ ನೆಟ್ ಚುರುಕಾಯಿತು. ಗೆಂಚೊ ಕೈ ಉಜ್ಜಿಕೊಂಡು ಆಟಕ್ಕೆ ಕೂತ. ದೋನ್ಕಾ ಜಾಡಿಗಳಿಗೆ ಕಂಬಳಿ ಸುತ್ತಿ ಮುಗಿಸಿರಲಿಲ್ಲ, ಕಂಪ್ಯೂಟರಿನಿಂದ ವುಲ್ಚೊನ ನಗು ಕೇಳಿಸಿತು.

ವುಲ್ಚೊ: ಗೆಂಚೊ, ರಾಕಿಯಾ ಗಾಜಿನ ಬಾಟ್ಲಲ್ಲೇ ತಾರೋ! ಪ್ಲಾಸ್ಟಿಕ್ಕಲ್ಲಿ ವಾಸನೆ ಹಿಡೀತದೆ!

ದೋನ್ಕಾ: ಏನಾಯ್ತು? ಮತ್ತೆ ನಿಂತುಹೋಯ್ತಾ?

ಗೆಂಚೊ: ಎಲ್ಲಿ ನಿಂತ್ಕೊಳ್ತು? ಓಡಿದ್ದೇ ಓಡಿದ್ದು! ರಾಣೀನ ಇಟ್ಟು ಉಸಿರು ಬಿಡೋದರೊಳಗೆ ಅವನು ಮುಂದಿನ ನಡೆ ಇಟ್ಟಾಗಿರ್ತದೆ. ನಾನು ಗೆದ್ದ ಆಟದಲ್ಲಿ ನೆಟ್ ನಿಂತು ನಿಂತು ಬರ್ತಿತ್ತು, ಯೋಚಿಸೋಕೆ ಪುರುಸೊತ್ತಾದ್ರೂ ಇತ್ತು.

ದೋನ್ಕಾ: ಹಂಗಾದ್ರೆ ಆ ಆಟ ಗೆದ್ದದ್ದು ನೀನಲ್ಲ, ನನ್ನ ಮೊಸರು.

ದೋನ್ಕಾ ಅವನ ಮುಖವನ್ನೇ ನೋಡುತ್ತಾ ಒಲೆಗೆ ಒಂದು ಸೌದೆ ಇಟ್ಟಳು. ಬೇಡ ಅನ್ನಲಿಲ್ಲ ಅವನು. ಎದ್ದು ಹೋಗಿ ಇನ್ನೊಂದು ಸೌದೆ ತಂದ, ಕುಕ್ಕರಗಾಲಲ್ಲಿ ಕೂತು ಊದತೊಡಗಿದ. ಅವಳು ಜಾಡಿಗಳನ್ನು ಒಂದೊಂದಾಗಿ ಒಲೆಯ ಪಕ್ಕಕ್ಕೆ ಸರಿಸಿದಳು.