ಏಳನೆಯ ಗುರುತು ನುಂಗಿದ ಹಸು

ಅಮೆರಿಕದ ಮಿನೆಸೋಟಾದ ಆ ಜಿಲ್ಲೆಯಲ್ಲಿ ಜೌಗುನೆಲ ಎಲ್ಲಿಗೆ ಮುಗಿಯುತ್ತದೆಂಬುದನ್ನು ನೀರು ತೀರ್ಮಾನಿಸುವಂತಿಲ್ಲ. ಅದು ಕಚೇರಿಯ ಕೆಲಸ.

ಆರ್ವಿಡ್ ಕ್ವಾಮನ ಹೊಲದ ಹಿಂದೆ ಒಂದು ಜೌಗು, ಪಕ್ಕದಲ್ಲೇ ಒಂದು ದಿಬ್ಬ. ಹೆಂಡತಿ ಸಿಗ್ನೆ ಮಂಡಿನೋವಿನಿಂದ ಮೆಟ್ಟಿಲು ಹತ್ತಲಾಗದೆ ಎರಡು ಚಳಿಗಾಲ ಅಡುಗೆಮನೆಯಲ್ಲೇ ಮಲಗಿದ್ದಳು. ದಿಬ್ಬದ ಮೇಲೆ ಮೆಟ್ಟಿಲಿಲ್ಲದ ಮನೆ ಕಟ್ಟಬಹುದಿತ್ತು, ಆದರೆ ದಿಬ್ಬ ಜೌಗಿನ ಗಡಿಯಿಂದ ಹೊರಗಿದ್ದರೆ ಮಾತ್ರ.

ಆರ್ವಿಡ್ ಅರ್ಜಿ ಹಾಕಿದ; ಗಡಿ ಗುರುತಿಸಲು ಕಚೇರಿಯಿಂದ ಲವೋನ್ ಹೆಲ್ವಿಗ್ ಎಂಬ ಅಧಿಕಾರಿ ಬಂದಳು. ಗುಳಿ ತೋಡಿ, ಮಣ್ಣನ್ನು ಬಣ್ಣದ ಮಾದರಿಗಳ ಪುಸ್ತಕದ ಪಕ್ಕ ಹಿಡಿದು ನೋಡಿದಳು. ಹುಲ್ಲಿನ ಜಾತಿ ಎಣಿಸಿದಳು. ಗುಳಿಯಲ್ಲಿ ನೀರು ಒಸರುವವರೆಗೆ ಕಾದಳು. ಆಮೇಲೆ ಗಡಿಯುದ್ದಕ್ಕೂ ಗೂಟ ನೆಟ್ಟು, ಗುರುತಿಗೆ ಒಂದೊಂದಕ್ಕೂ ಗುಲಾಬಿ ಬಣ್ಣದ ಪಟ್ಟಿ ಕಟ್ಟಿದಳು. ದಿಬ್ಬ ಹೊರಗೇ ಉಳಿಯಿತು. ಆರ್ವಿಡ್ ಖುಷಿಯಿಂದ ಕಾಫಿ ತರಲು ಒಳಗೆ ಹೋದ. ಅಷ್ಟರಲ್ಲಿ ಅವನ ಹಸು ಬೀಟ್ರಿಸ್ ದಿಬ್ಬದ ಬುಡದಲ್ಲಿದ್ದ ಏಳನೆಯ ಪಟ್ಟಿಯನ್ನು ನುಂಗಿತು.

"ಇನ್ನೊಂದು ಕಟ್ಬಿಡಮ್ಮ ಲವೋನ್."

"ಆಗಲ್ಲ ಆರ್ವಿಡ್. ನಿಯಮ ಹದಿನೇಳು: ಗುರುತು ಎಲ್ಲಿದೆಯೋ ಗಡಿ ಅಲ್ಲಿದೆ. ನಿಮ್ಮ ಗಡಿ ಸದ್ಯಕ್ಕೆ ಹಸು ಹೊಟ್ಟೇಲಿದೆ."

"ಹೊರಗೆ ಬಂದ್ರೆ?"

"ಎಲ್ಲಿ ಬೀಳುತ್ತೋ ಅಲ್ಲಿಗೆ ಗೆರೆ ಎಳೀತೀನಿ."

ಬೀಟ್ರಿಸ್ ಮೆಲುಕು ಹಾಕುವುದೂ ಸೆಗಣಿ ಹಾಕುವುದೂ ಆ ದಿಬ್ಬದ ಮೇಲೆಯೇ; ಪಟ್ಟಿ ಅಲ್ಲಿ ಬಿದ್ದರೆ ದಿಬ್ಬವೂ ಜೌಗಿನ ಪಾಲು. ಸಿಗ್ನೆ ಕಿಟಕಿಯಿಂದ ಕೂಗಿದಳು: "ಏನ್ರೀ, ಅದನ್ನ ದಿಬ್ಬ ಹತ್ತಿಸಿದ್ರೋ, ನಿಮ್ಮನ್ನೂ ಅದರ ಜೊತೇಲೇ ಕೊಟ್ಟಿಗೇಲಿ ಮಲಗಿಸ್ತೀನಿ!"

ಎರಡು ದಿನ ಆರ್ವಿಡ್ ಹಗ್ಗ ಹಿಡಿದು ಮುಂದೆ, ಲವೋನ್ ಮಡಚುವ ಕುರ್ಚಿ ಹಿಡಿದು ಹಿಂದೆ. ಬಾಲ ಎದ್ದಾಗಲೆಲ್ಲ ಇಬ್ಬರೂ ಎದ್ದುನಿಲ್ಲುತ್ತಿದ್ದರು. ಪಟ್ಟಿ ಬರಲಿಲ್ಲ. ಮೂರನೆಯ ದಿನ ನೋಟಿಸು ಬಂತು: "ವಿಚಾರಣೆಗೆ ಅರ್ಜಿದಾರರು ಸದರಿ ಗಡಿಯನ್ನು ಖುದ್ದಾಗಿ ಹಾಜರುಪಡಿಸತಕ್ಕದ್ದು."

ಆರ್ವಿಡ್ ಅದನ್ನು ಎರಡು ಸಲ ಓದಿದ. ಹೊಟ್ಟೆ ಸಡಿಲವಾಗಲೆಂದು ಬೀಟ್ರಿಸ್‌ಗೆ ಅರ್ಧ ಬಕೆಟ್ ಕಾಕಂಬಿ ಕುಡಿಸಿ, ಗಾಡಿಗೆ ಹತ್ತಿಸಿ, ಒಂಬತ್ತು ಮೈಲಿ ಆಚೆಯ ಕಚೇರಿಗೆ ಕರೆದೊಯ್ದ.

"ಗಡಿ ತಂದಿದೀರಾ?" ಕೇಳಿದರು ಅಧ್ಯಕ್ಷ ಓಸ್ಗುಡ್.

"ಇದೋ ಸರ್," ಎಂದು ಆರ್ವಿಡ್ ಹಸುವಿನ ಬೆನ್ನು ತಟ್ಟಿದ.

ಅಧ್ಯಕ್ಷರ ಮೇಜಿನ ಮುಂದೆಯೇ ಬಾಲ ಎದ್ದಿತು. ಲವೋನ್ ಕೈಗವಸು ಹಾಕಿ ಕೆದಕಿದಳು. ಗುಲಾಬಿ! ಯಾರೂ ನಗಲಿಲ್ಲ. ಅವಳು ಮಂಡಿಯೂರಿ ನಕ್ಷೆ ಬರೆದಳು: ಆರನೆಯ ಗುರುತಿನಿಂದ ದಿಬ್ಬವನ್ನು ಹೊರಗಿಟ್ಟು, ಹೆದ್ದಾರಿಗುಂಟ, ಲೂಥರನ್ ಚರ್ಚನ್ನು ಅರ್ಧ ಸೀಳಿ, ಕಚೇರಿಯನ್ನು ಸುತ್ತಿಕೊಂಡು, ಮರಳಿ ಎಂಟನೆಯ ಗುರುತಿಗೆ.

"ನನ್ನ ಕುರ್ಚಿ?"

"ಜೌಗಿನೊಳಗೆ ಸರ್."

ಓಸ್ಗುಡ್ ಮರ್ಯಾದೆಯಿಂದ ಕಾಲು ಮೇಲೆತ್ತಿಕೊಂಡು, ಆರ್ವಿಡ್‌ನ ಮನೆಗೆ ಒಪ್ಪಿಗೆ ಬರೆದರು.

ಸಿಗ್ನೆ ಈಗ ದಿಬ್ಬದ ಮೇಲಿನ ಹೊಸ ಮನೆಯಲ್ಲಿ, ಮಂಚದಲ್ಲೇ ಮಲಗುತ್ತಾಳೆ. ಜೌಗು ಒಣಗಿದರೆ ನಿಯಮಭಂಗವಾಗುವುದರಿಂದ ಕಚೇರಿಯ ಗುಮಾಸ್ತೆ ದಿನಾ ಬೆಳಗ್ಗೆ ಎಂಟಕ್ಕೆ ಕಚೇರಿಯ ನೆಲಕ್ಕೆ ನೀರು ಬಿಡುತ್ತಾಳೆ. ಜನ ಬಾಗಿಲಲ್ಲಿ ರಬ್ಬರ್ ಬೂಟು ಏರಿಸಿಕೊಂಡು ಸರದಿಯಲ್ಲಿ ನಿಲ್ಲುತ್ತಾರೆ. ಕಪ್ಪೆಗಳು ಸ್ಥಳೀಯರಾದ್ದರಿಂದ ಅವಕ್ಕೆ ಸರದಿಯಿಲ್ಲ.