ನಲವತ್ತು ಸೆಕೆಂಡು ಸುಮ್ಮನಿರಿ

ಕ್ವಾಯರ್ ನಡೆಸುವವನಿಗೆ ಅವಾಂತರಗಳೇನೂ ಹೊಸತಲ್ಲ. ಶಾಲೆಯಲ್ಲಿ ಸಂಗೀತದ ಮಾಷ್ಟ್ರಾಗಿದ್ದು ನಿವೃತ್ತನಾದ ಮೇಲೆ, ಮಂಗಳೂರಿನ ಬಿಜೈ, ಶಕ್ತಿನಗರದ ಕಡೆಯ ಇಪ್ಪತ್ತೆರಡು ಜನರನ್ನು ಸೇರಿಸಿ ನಾನೊಂದು ಕ್ವಾಯರ್ ಕಟ್ಟಿಕೊಂಡಿದ್ದೇನೆ. ಒಂದು ಸಲ ಹಾಡುವವರ ಗಂಟಲು ಕೂತಿರುತ್ತದೆ, ಇನ್ನೊಂದು ಸಲ ಹಾಲ್‌ನ ಬೀಗದ ಕೈ ಸಿಕ್ಕುವುದಿಲ್ಲ. ಆದರೆ ಚೆಕ್ ದೇಶದ ಸಂಗೀತ ರಚನಕಾರರೊಬ್ಬರು ನಮ್ಮ ಮನೆಯಲ್ಲಿ ಆರು ವಾರ ಇದ್ದು ಹೋದರಲ್ಲ, ಆಗ ಆದದ್ದೇ ಬೇರೆ ಲೆಕ್ಕ.

ನನ್ನ ಶಿಷ್ಯೆಯೊಬ್ಬಳು ಪ್ರಾಗ್‌ನಲ್ಲಿ ಅವರ ಹತ್ತಿರ ಕಲಿಯುತ್ತಿದ್ದಾಳೆ. ಅವಳ ಮಾತು ಕೇಳಿ, ನಮ್ಮ ಕ್ವಾಯರಿಗಾಗಿ ಹೊಸ ಕೃತಿಯೊಂದನ್ನು ಬರೆಯಲು ಅವರು ಬಂದರು. ಅರವತ್ತು ದಾಟಿದ, ಉದ್ದನೆಯ, ನಾಚಿಕೆ ಸ್ವಭಾವದ ಮನುಷ್ಯ. ಬಂದ ದಿನವೇ ನನ್ನನ್ನು ಕೂರಿಸಿಕೊಂಡು ಒಂದು ವಿಷಯ ಹೇಳಿದರು. ಕೃತಿಯ ನಡುವೆ ನಲವತ್ತು ಸೆಕೆಂಡು ಮೌನ ಇರುತ್ತದೆ. ಅದು ಅವರ ತಾಯಿಗಾಗಿ. ಮಗ ಬರೆಯುವಾಗ ತೊಂದರೆಯಾಗಬಾರದೆಂದು ಆಕೆ ಬಾಗಿಲ ಹೊರಗೆ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದರಂತೆ. ಹಿಂದಿನ ಚಳಿಗಾಲದಲ್ಲಿ ತೀರಿಕೊಂಡರು. ಆ ಮೌನ ಕೆಟ್ಟರೆ ಕೃತಿಯೇ ಇಲ್ಲ ಎಂದರು. ಹಿಂದೆಮುಂದೆ ನೋಡದೆ ಮಾತು ಕೊಟ್ಟುಬಿಟ್ಟೆ. ಮಂಗಳೂರಿನಲ್ಲಿ ನಲವತ್ತು ಸೆಕೆಂಡು ಮೌನ ಎಂದರೆ ಏನೆಂದು ಆಗ ನಾನು ಯೋಚಿಸಿರಲಿಲ್ಲ.

ಕಂಪೋಸರ್

ನಮ್ಮ ಪಕ್ಕದ ಮನೆಯವರು ನಿವೃತ್ತ ಗುಮಾಸ್ತರು. ಊರಿನ ಯಾವ ಸಭೆಯಾದರೂ ನಿರೂಪಣೆ ಅವರದ್ದೇ. ಅತಿಥಿ ಯಾರೆಂದು ಕೇಳಿದರು. ಚೆಕ್ ಕಂಪೋಸರ್ ಎಂದೆ. ಅವರ ಮುಖ ಅರಳಿತು.

ಮರುದಿನ ಬೆಳಿಗ್ಗೆ ನಾನು ಪೇಟೆಗೆ ಹೋದ ಹೊತ್ತಿನಲ್ಲಿ ಬಂದು, ತಮ್ಮ ಮಗಳ ಮನೆ ಒಕ್ಕಲಿನ ಆಮಂತ್ರಣದ ಇಂಗ್ಲಿಷ್ ಒಕ್ಕಣೆಯನ್ನು ಅತಿಥಿಯ ಕೈಗೆ ಕೊಟ್ಟು, ಕಂಪೋಸ್ ಮಾಡಿ ಕೊಡಿ ಎಂದು ಇಂಗ್ಲಿಷಿನಲ್ಲಿ ಕೇಳಿಕೊಂಡಿದ್ದಾರೆ. ನೆರೆಯವರಿಗೆ ಗೊತ್ತಿದ್ದ ಕಂಪೋಸರ್ ಎಂದರೆ ಪ್ರೆಸ್ಸಿನಲ್ಲಿ ಅಕ್ಷರ ಜೋಡಿಸುವವನು. ಅತಿಥಿಗೆ ಗೊತ್ತಿದ್ದ ಕಂಪೋಸಿಂಗ್ ಸಂಗೀತದ್ದೊಂದೇ. ಎರಡು ದಿನ ಕೋಣೆಯಿಂದ ಹೊರಗೇ ಬರಲಿಲ್ಲ.

ಮೂರನೆಯ ದಿನ ನೆರೆಯವರನ್ನು ಕರೆಸಿ, ನಮ್ಮ ಮನೆಯ ಪಿಯಾನೊ ಮುಂದೆ ಕೂತು, ಆಮಂತ್ರಣವನ್ನು ಮೊದಲಿನಿಂದ ಕೊನೆಯವರೆಗೆ ಹಾಡಿದರು. "ಬಂಧುಮಿತ್ರರೊಡನೆ ಆಗಮಿಸಿ" ಎಂಬುದರ ಇಂಗ್ಲಿಷ್ ಸಾಲು ನಿಧಾನವಾಗಿ ಮೇಲೇರಿತು. "ನಂತರ ಭೋಜನ" ಎಂಬಲ್ಲಿಗೆ ಬಂದಾಗ ಅದೊಂದೇ ಮಾತನ್ನು ಹಿಡಿದು ಏಳೆಂಟು ಸಲ ಬೇರೆ ಬೇರೆ ಸ್ವರದಲ್ಲಿ ತಿರುಗಿಸಿದರು. ನನ್ನ ಕಣ್ಣಲ್ಲಿ ನೀರು ಬಂತು, ಅಷ್ಟು ಚೆನ್ನಾಗಿತ್ತು.

ನೆರೆಯವರು ನನ್ನ ಕಿವಿಯ ಹತ್ತಿರ ಬಗ್ಗಿದರು. "ರಾಗ ಎಲ್ಲ ಲಾಯ್ಕ್ ಉಂಟು ಮಾಷ್ಟ್ರೇ. ಆದರೆ ಊಟವನ್ನು ಇಷ್ಟು ಎಳೆದರೆ ಜನ ಕಾಯ್ತಾರಾ?"

ರಿಪೇರಿ

ಈ ಕಾಲದ ರಚನಕಾರರು ಪಿಯಾನೊವನ್ನು ಇದ್ದ ಹಾಗೆ ಬಿಡುವುದಿಲ್ಲ. ನಮ್ಮ ಅತಿಥಿ ಮುಚ್ಚಳ ತೆಗೆದು, ತಂತಿಗಳ ನಡುವೆ ಬೋಲ್ಟು, ನಟ್ಟು, ರಬ್ಬರಿನ ತುಂಡುಗಳನ್ನು ಸಿಕ್ಕಿಸಿದರು. ಆಗ ಪಿಯಾನೊ ಒಂದು ಕಡೆ ಗಂಟೆಯ ಹಾಗೆ, ಇನ್ನೊಂದು ಕಡೆ ಮಡಕೆಯ ಹಾಗೆ ಕೇಳುತ್ತದೆ. ಯಾವ ತಂತಿಗೆ ಯಾವ ಬೋಲ್ಟು, ಎಷ್ಟು ದೂರದಲ್ಲಿ ಎಂದು ಅಳೆದು ಅಳೆದು ಕೂರಿಸಲು ಅವರಿಗೆ ನಾಲ್ಕು ದಿನ ಹಿಡಿಯಿತು.

ಐದನೆಯ ದಿನ ಅವರು ವಾಕಿಂಗ್ ಮುಗಿಸಿ ಬರುವಷ್ಟರಲ್ಲಿ ನನ್ನ ಹೆಂಡತಿ ಅಷ್ಟನ್ನೂ ಹೆಕ್ಕಿ ತೆಗೆದು, ಹುಣಸೆಹುಳಿ ಹಾಕಿ ತಿಕ್ಕಿ, ಖಾಲಿ ಉಪ್ಪಿನಕಾಯಿ ಭರಣಿಯಲ್ಲಿ ತುಂಬಿಸಿಟ್ಟಿದ್ದಳು. ನಾನು ತಲೆ ಮೇಲೆ ಕೈ ಹೊತ್ತು ಕೂತೆ. ಅತಿಥಿ ಭರಣಿಯನ್ನು ನೋಡಿದರು, ಪಿಯಾನೊವನ್ನು ನೋಡಿದರು, ಬಿಳಿಚಿಕೊಂಡರು. ಆಮೇಲೆ ಕೂತು ಒಂದೆರಡು ಸ್ವರ ನುಡಿಸಿ, ಹೀಗೂ ತುಂಬ ಚೆನ್ನಾಗಿದೆ ಎಂದರು. ಎಷ್ಟಾದರೂ ಮರ್ಯಾದಸ್ಥರು.

ಹೆಂಡತಿ ನನ್ನ ಕಡೆ ತಿರುಗಿದಳು. "ಪಾಪ, ನಾಲ್ಕು ದಿನದಿಂದ ಹಾಳಾದ ಪಿಯಾನೊವನ್ನೇ ಬಾರಿಸ್ತಾ ಇದ್ರು. ನಿಮಗೆ ಕಿವಿ ಇಲ್ವಾ?"

ಬಂಗುಡೆ

ತಾಲೀಮು ನಮ್ಮ ಮನೆಯ ಚಾವಡಿಯಲ್ಲಿ. ಹಾಡು ಕಷ್ಟದ್ದು, ಆದರೂ ಹುಡುಗಿಯರು, ಅಜ್ಜಂದಿರು ಎಲ್ಲ ಕಲಿತರು. ಕಲಿಯಲಾಗದ್ದು ಮೌನ ಮಾತ್ರ. ಮೊದಲ ದಿನ ಹತ್ತನೆಯ ಸೆಕೆಂಡಿಗೆ ಒಬ್ಬ ಕೆಮ್ಮಿದ. ಎರಡನೆಯ ದಿನ ಇಪ್ಪತ್ತನೆಯದಕ್ಕೆ ಒಬ್ಬಳಿಗೆ ನಗು ಬಂತು. ಅತಿಥಿ ಮಾತ್ರ ಬೇಸರಿಸಲಿಲ್ಲ. ತಮ್ಮ ದೇಶದಲ್ಲಿ ಒಂದು ಕಾಲದಲ್ಲಿ ಬಾಯಿ ಬಿಟ್ಟರೆ ಕಷ್ಟವಿತ್ತು, ಹಾಗಾಗಿ ತಮಗೆಲ್ಲ ಸುಮ್ಮನಿರುವುದು ರೂಢಿಯಾಗಿ ಹೋಯಿತು, ನಿಮಗೆ ಆ ಅದೃಷ್ಟವಿಲ್ಲ ಎಂದು ನಕ್ಕರು.

ಒಂದು ವಾರ ಕಳೆದ ಮೇಲೆ ಒಂದು ದಿನ ಮೂವತ್ತು ಸೆಕೆಂಡು ದಾಟಿತು. ನಾನು ದೇವರನ್ನು ನೆನೆಯುತ್ತಿದ್ದೆ. ಆಗ ರಸ್ತೆಯಲ್ಲಿ ಪೋಂ, ಪೋಂ ಎಂದು ಮೀನಿನ ಸ್ಕೂಟರ್ ಬಂತು. ಎರಡನೆಯ ಸಾಲಿನ ನಾಲ್ವರು ಹೆಂಗಸರು ಒಂದು ಸದ್ದೂ ಮಾಡದೆ, ತುದಿಗಾಲಿನಲ್ಲಿ ನಡೆದು ಗೇಟಿಗೆ ಹೋದರು. ನಲವತ್ತು ಮುಗಿದು ಅತಿಥಿ ಕೈ ಎತ್ತಿದರೆ ಹಾಡಲು ಆ ಸಾಲಿನಲ್ಲಿ ಜನರೇ ಇಲ್ಲ. ಗೇಟಿನ ಹತ್ತಿರ ಬಂಗುಡೆಯ ಚೌಕಾಸಿ ನಡೆಯುತ್ತಿತ್ತು.

ವಾಪಸು ಬಂದವರಿಗೆ ನಾನು ಬಾಯಿಗೆ ಬಂದಂತೆ ಬೈದೆ. ಅವರಲ್ಲಿ ಹಿರಿಯರು ಮೀನಿನ ಪ್ಲಾಸ್ಟಿಕ್ ತೊಟ್ಟೆಯನ್ನು ಸ್ವರಪುಸ್ತಕದ ಕೆಳಗೆ ಇಟ್ಟುಕೊಂಡು, ಸ್ವಲ್ಪವೂ ಸಿಟ್ಟಾಗದೆ ಹೇಳಿದರು: "ಎಲ್ಲರೂ ಸುಮ್ಮನೆ ಇದ್ರಲ್ಲ ಅಂತ ಹೋದದ್ದು ಮಾಷ್ಟ್ರೇ. ಹಾಡುವಾಗ ನಾವು ಹೋಗ್ತೇವಾ?"

ಧನ್ಯವಾದ

ಕಾರ್ಯಕ್ರಮ ಕೊಡಿಯಾಲ್‌ಬೈಲಿನ ಒಂದು ಹಾಲ್‌ನಲ್ಲಿ. ಪಕ್ಕದಲ್ಲೇ ಮುಖ್ಯರಸ್ತೆ. ನಾನು ಮಾಡದ ವ್ಯವಸ್ಥೆ ಇಲ್ಲ. ಬಂದವರ ಮೊಬೈಲುಗಳನ್ನೆಲ್ಲ ಬುಟ್ಟಿಯಲ್ಲಿ ಹಾಕಿಸಿದೆ. ಕಿರುಗುಟ್ಟುವ ಫ್ಯಾನ್ ನಿಲ್ಲಿಸಿದೆ. ರಿಕ್ಷಾದವರು ಹಾರ್ನ್ ಹಾಕದಂತೆ ವಾಚ್‌ಮನ್‌ನನ್ನು ರಸ್ತೆಯ ಬದಿ ನಿಲ್ಲಿಸಿದೆ. ಮೌನ ಇರುತ್ತದೆಂದು ಸಭೆಗೂ ಚೀಟಿ ಹಂಚಿದೆ. ಎಲ್ಲರಿಗೂ ಹೇಳಿದ್ದೆ. ಪರದೆಯ ಹಿಂದೆ ನಿಂತಿದ್ದ ನಿರೂಪಕರಿಗೆ, ಅಂದರೆ ನಮ್ಮ ಪಕ್ಕದ ಮನೆಯವರಿಗೆ, ಹೇಳಲು ಮಾತ್ರ ಮರೆತಿದ್ದೆ.

ಹಾಡು ಏರುತ್ತಾ ಹೋಗಿ ನಿಂತಿತು. ಅತಿಥಿ ಕೈ ಇಳಿಸಿ ಕಣ್ಣು ಮುಚ್ಚಿದರು. ಹತ್ತು ಸೆಕೆಂಡು. ಇಪ್ಪತ್ತು. ಹಾಲ್‌ನಲ್ಲಿ ಒಂದು ಕುರ್ಚಿಯೂ ಕದಲಲಿಲ್ಲ. ರಸ್ತೆ ಕೂಡ ಸತ್ತ ಹಾಗಿತ್ತು. ನಾನು ಅಷ್ಟು ಸಂತೋಷಪಟ್ಟದ್ದು ನನ್ನ ಮದುವೆಯ ದಿನವೂ ಇಲ್ಲ.

ನಮ್ಮೂರಿನ ಜನರಿಗೆ ಕಾರ್ಯಕ್ರಮ ಮುಗಿದ ವಾಸನೆ ಬಡಿದರೆ ಸಾಕು, ಬಸ್ಸಿಗೆ ಓಡುತ್ತಾರೆ. ಅವರು ಏಳುವ ಮೊದಲೇ ಧನ್ಯವಾದ ಸಮರ್ಪಣೆ ಮುಗಿಸುವುದರಲ್ಲೇ ನಿರೂಪಕನ ಜಾಣತನ ಇರುವುದು. ಇಪ್ಪತ್ತೊಂದನೆಯ ಸೆಕೆಂಡಿಗೆ ನಮ್ಮ ನೆರೆಯವರು ದಾಪುಗಾಲು ಹಾಕಿ ಬಂದು ಮೈಕ್ ಹಿಡಿದರು. ಹಾಲ್ ಕೊಟ್ಟವರಿಗೆ, ಕುರ್ಚಿ ತಂದವರಿಗೆ, ಸೇವಂತಿಗೆ ಹೂ ಕಟ್ಟಿದವರಿಗೆ, ಗೋಳಿಬಜೆ ಕರಿದವರಿಗೆ, ಮೈಕಿನವನಿಗೆ, ಕೊನೆಗೆ ಹೊರಗೆ ನಿಂತು ಸದ್ದಾಗದಂತೆ ನೋಡಿಕೊಂಡ ವಾಚ್‌ಮನ್‌ಗೆ ಹೃತ್ಪೂರ್ವಕ ಧನ್ಯವಾದ ಅರ್ಪಿಸಿ, ಕೈಮುಗಿದು ಹೋದರು. ನಾಲ್ಕು ನಿಮಿಷ ಹಿಡಿಯಿತು. ಅತಿಥಿ ಕಣ್ಣು ಬಿಡಲೇ ಇಲ್ಲ. ಮುಗಿದ ಮೇಲೆ ಕೈ ಎತ್ತಿ, ಉಳಿದರ್ಧವನ್ನು ಹಾಡಿಸಿದರು. ಆಗಲೇ ಎದ್ದು ಬಾಗಿಲು ಮುಟ್ಟಿದವರು ಅಲ್ಲೇ ನಿಂತು ಕೇಳಿದರು.

ಆಮೇಲೆ ಅತಿಥಿಯ ಮುಂದೆ ಹೋಗಲು ನನಗೆ ಮುಖವಿರಲಿಲ್ಲ. ಕೊಟ್ಟ ಮಾತು ಮಣ್ಣುಪಾಲಾಗಿತ್ತು. ಕ್ಷಮೆ ಕೇಳಿದೆ. ಮೈಕ್ ಹಿಡಿದವರು ಏನು ಹೇಳಿದರು ಎಂದು ಅತಿಥಿ ಕೇಳಿದರು. ಒಂದೊಂದಾಗಿ ಇಂಗ್ಲಿಷಿಗೆ ಮಾಡಿ ಹೇಳಿದೆ. ಕುರ್ಚಿ ತಂದವರಿಗೂ ಧನ್ಯವಾದವೇ ಎಂದು ಇನ್ನೊಮ್ಮೆ ಕೇಳಿದರು. ಹೌದು ಎಂದೆ.

ಅವರು ಅಲ್ಲೇ ಒಂದು ಕುರ್ಚಿಯಲ್ಲಿ ಕೂತರು. ಆಮೇಲೆ ಮೆಲ್ಲಗೆ ಹೇಳಿದರು: "ನನ್ನ ತಾಯಿಗೆ ನಾನು ಒಮ್ಮೆಯೂ ಧನ್ಯವಾದ ಹೇಳಲಿಲ್ಲ. ಅಲ್ಲಿ ಮೌನ ಇಟ್ಟು ತಪ್ಪಿಸಿಕೊಂಡಿದ್ದೆ." ನೆರೆಯವರ ಧನ್ಯವಾದದ ಮಾತುಗಳನ್ನು ಕನ್ನಡದಲ್ಲೇ, ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಡಲು ಕೇಳಿ, ಕಾಗದವನ್ನು ಜೋಪಾನವಾಗಿ ಮಡಚಿಟ್ಟುಕೊಂಡರು.

ಮೊನ್ನೆ ಪ್ರಾಗ್‌ನಿಂದ ವಿಡಿಯೊ ಬಂತು. ದೊಡ್ಡ ಹಾಲ್, ತುಂಬಿದ ಸಭೆ, ಅದೇ ಕೃತಿ. ಹಾಡು ನಿಂತಾಗ ಕಪ್ಪು ಕೋಟಿನ ಗಾಯಕರೊಬ್ಬರು ಮುಂದೆ ಬಂದು, ಕನ್ನಡದಲ್ಲಿ, ಪ್ರಾರ್ಥನೆ ಓದಿದಷ್ಟು ಗಂಭೀರವಾಗಿ ಹಾಲ್ ಕೊಟ್ಟವರಿಗೆ, ಕುರ್ಚಿ ತಂದವರಿಗೆ, ಹೂ ಕಟ್ಟಿದವರಿಗೆ, ಗೋಳಿಬಜೆ ಕರಿದವರಿಗೆ, ವಾಚ್‌ಮನ್‌ಗೆ ಧನ್ಯವಾದ ಹೇಳಿದರು. ಕೊನೆಯಲ್ಲಿ ಒಂದು ಮಾತು ಹೊಸತಿತ್ತು: "ಮತ್ತು ನನ್ನ ಅಮ್ಮನಿಗೆ."

ನೆರೆಯವರನ್ನು ಕರೆದು ತೋರಿಸಿದೆ. ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ವಿಡಿಯೊವನ್ನು ಇನ್ನೊಮ್ಮೆ ಹಾಕಲು ಹೇಳಿ, ಬೆರಳು ಮಡಚಿ ಎಣಿಸುತ್ತಾ ನೋಡಿದರು. ಆಮೇಲೆ ಗಾಬರಿಯಿಂದ ನನ್ನ ತೋಳು ಹಿಡಿದರು.

"ಮೈಕಿನವನನ್ನು ಬಿಟ್ಟಿದ್ದಾರೆ ಮಾಷ್ಟ್ರೇ. ಜನ ಎದ್ದು ಹೋಗುವ ಮೊದಲು ಬೇಗ ಒಂದು ಫೋನ್ ಮಾಡಿ."